ಏಳನೇ ನಂಬರಿನ ರಿವಾಲ್ವರ್

ಸೋಮವಾರ ಬೆಳಿಗ್ಗೆ ಏಳೂವರೆಗೆ ಗಡಿಯಾರದಜ್ಜ ಪಿಸ್ತೂಲುಗಳ ಕಪಾಟು ತೆರೆದಾಗ ಏಳನೇ ನಂಬರಿನ ಜಾಗ ಖಾಲಿಯಾಗಿತ್ತು. ಹಸಿರು ಮಖಮಲ್ಲಿನ ಮೇಲೆ ರಿವಾಲ್ವರಿನ ಅಚ್ಚು ಮಾತ್ರ ಉಳಿದಿತ್ತು.

ಎಂಟಕ್ಕೆಲ್ಲ ಇನ್‌ಸ್ಪೆಕ್ಟರ್ ಮೇಡಂ ಜೊತೆ ನಾನೂ ಅಲ್ಲಿದ್ದೆ. ಪೊಲೀಸ್ ಶಸ್ತ್ರಾಗಾರದಲ್ಲಿ ಎಂಟು ವರ್ಷ ದುಡಿದವನೆಂದು ಮೇಡಂ ನನ್ನನ್ನು ಕರೆತಂದಿದ್ದರು.

ಅಜ್ಜ ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಸಣ್ಣ ಉಕ್ಕಿನ ಯಂತ್ರಗಳ ಮೇಲಿನ ಮೋಹವೇ ಅವರನ್ನು ಹಳೆಯ ಪಿಸ್ತೂಲುಗಳ ಕಡೆಗೆ ಎಳೆದಿತ್ತು. ಒಟ್ಟು ಹದಿನೇಳು. ಪ್ರತಿಯೊಂದಕ್ಕೂ ಲೈಸೆನ್ಸು, ಪ್ರತಿಯೊಂದಕ್ಕೂ ಒಂದು ಚೀಟಿ: ಯಾವ ವರ್ಷದ್ದು, ಯಾವ ಸ್ಪ್ರಿಂಗನ್ನು ಅಜ್ಜ ತಾವೇ ಮಾಡಿ ಕೂರಿಸಿದರು ಎಂದು. ಬೆಳ್ಳಿ ಕುಸುರಿಯ ಜೋಡಿ ಪಿಸ್ತೂಲನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರು. ಆ ಜೋಡಿ ಇದ್ದಲ್ಲೇ ಇತ್ತು.

"ಬೀಗ ಒಡೆದಿಲ್ಲ," ಎಂದೆ.

"ಕೀಲಿಕೈ ಎಲ್ಲಿರುತ್ತೆ, ಅಜ್ಜ?" ಮೇಡಂ ಕೇಳಿದರು.

"ಗೋಡೆ ಗಡಿಯಾರದ ಒಳಗೆ."

"ಯಾರ್‍ಯಾರಿಗೆ ಗೊತ್ತು?"

"ಮಗಳಿಗೆ. ಹಲ್ಲಿನ ಡಾಕ್ಟರಿಗೆ, ಅವನು ನನ್ನ ಹಳೇ ಸ್ನೇಹಿತ. ಶುಕ್ರವಾರ ಹರಾಜು ಕಂಪನಿಯವನೊಬ್ಬ ಬಂದಿದ್ದ, ಅವನೆದುರಿಗೂ ತೆಗೆದೆ."

"ಕೊನೇ ಸಲ ನೋಡಿದ್ದು?"

"ಶುಕ್ರವಾರ ಸಂಜೆ. ಅವನು ಹೋದ ಮೇಲೆ ಹದಿನೇಳನ್ನೂ ಒರೆಸಿ, ಎಣ್ಣೆ ಹಚ್ಚಿ ನಾನೇ ಇಟ್ಟೆ."

"ಗುಂಡುಗಳು?"

"ಬೇರೆ ಪೆಟ್ಟಿಗೇಲಿ. ಅದರ ಕೀಲಿ ಒಂದೇ, ನನ್ನ ಜೇಬಲ್ಲೇ ಇರುತ್ತೆ. ಅದಕ್ಕೆ ಯಾರೂ ಕೈ ಹಾಕಿಲ್ಲ." ಅಜ್ಜನ ಕೈ ನಡುಗುತ್ತಿತ್ತು. "ಬೇಗ ಹುಡುಕಿಸಿ ಮೇಡಂ. ಯಾರ ಹತ್ರ ಇದ್ರೂ ಟ್ರಿಗರ್ ಮಾತ್ರ ಮುಟ್ಟಬೇಡಿ ಅಂತ ಹೇಳಿ. ದಯವಿಟ್ಟು."

ಉಳಿದ ಹದಿನಾರನ್ನು ನಾನು ಒಂದೊಂದಾಗಿ ಪರೀಕ್ಷಿಸಿದೆ. ಏಳನೆಯದರ ಮುಂದೆ ಅಡ್ಡಲಾಗಿ ಇರುತ್ತಿದ್ದದ್ದು ಆರನೆಯದು – ಜೋಡಿ ನಳಿಗೆಯ ಪುಟ್ಟ ಪಿಸ್ತೂಲು, ನಡುವಿಗೆ ಮಡಚಿ ತೆರೆಯುವಂಥದ್ದು. ಅದರ ಕೊಂಡಿ ಪೂರ್ತಿ ಕೂತಿರಲಿಲ್ಲ. ಕೂದಲೆಳೆಯಷ್ಟು ಸಂದು. ಹಳೇ ಮಾಲು, ಸಡಿಲವಾಗಿರಬೇಕು ಅಂದುಕೊಂಡು ಒತ್ತಿದೆ. ಟಕ್ ಎಂದಿತು. ಕಿಟಕಿಯ ಬಳಿ ನಿಂತಿದ್ದ ಮೇಡಂ ತಿರುಗಿ ನೋಡಿದರು.

ಮಗಳು ನರ್ಸು. ಬೆಳಗಿನ ಪಾಳಿಗೆ ಹೋಗಿದ್ದವಳನ್ನು ಆಸ್ಪತ್ರೆಯ ಹಜಾರದಲ್ಲೇ ವಿಚಾರಿಸಿದೆವು.

"ನನಗೆ ಅವನ್ನ ಕಂಡ್ರೇ ಆಗಲ್ಲ. ಗುಂಡೇಟಿನ ಗಾಯ ತೊಳೆದ ಕೈ ಇದು. ಆಗಿದ್ರೆ ಅಷ್ಟನ್ನೂ ಬಾವಿಗೆ ಹಾಕ್ತಿದ್ದೆ."

"ಹಾಕಿದ್ರಾ?"

"ಹಾಕೋದಾದ್ರೆ ಒಂದನ್ನೇ ಯಾಕೆ ಹಾಕಲಿ? ಅವನ್ನ ಹಿಡಿಯೋದು ಎಲ್ಲಿ, ತೆರೆಯೋದು ಹೇಗೆ ಅಂತಾನೂ ನಂಗೊತ್ತಿಲ್ಲ."

"ತಂದೆ ಈಚೆಗೆ ಹೇಗಿದ್ದಾರೆ?"

"ಕೈ ನಡುಕ ವಾಸಿಯಾಗಲ್ಲ ಅಂತ ಎರಡು ತಿಂಗಳ ಹಿಂದೆ ನಮ್ಮ ಆಸ್ಪತ್ರೇಲಿ ಹೇಳಿದ್ರು. ಅಪ್ಪ ಅಂಗಡಿ ಮುಚ್ಚಿದ್ರು. ತುಂಬಾ ಕುಗ್ಗಿದ್ರು. ಈ ವಾರ ಪರವಾಗಿಲ್ಲ, ಸಮಾಧಾನವಾಗಿದ್ದಾರೆ. ಕಾಗದಪತ್ರ ಎಲ್ಲ ಒಪ್ಪ ಮಾಡಿಟ್ರು. ಯಾವ ಪಿಸ್ತೂಲು ಯಾರಿಗೆ ಅಂತಾನೂ ಬರೆದಿಟ್ರು."

ಮೇಡಂ ಮುಖ ಬಿಗಿಯಿತು. ಜೀಪಿನತ್ತ ಬಿರಬಿರನೆ ನಡೆದರು.

ಹರಾಜಿನವನು ಶುಕ್ರವಾರ ಸಂಜೆಯ ರೈಲಿಗೇ ಹೊರಟಿದ್ದ. ಶನಿವಾರ, ಭಾನುವಾರ ಎರಡು ದಿನವೂ ಬೇರೆ ಊರಿನಲ್ಲಿ ನೂರಾರು ಜನರೆದುರು ಹರಾಜು ಕೂಗಿದ್ದಾನೆ. ಫೋನಿನಲ್ಲಿ ನಕ್ಕ. "ಏಳನೇದಾ? ಬೆಳ್ಳಿ ಜೋಡಿ ಬಿಟ್ಟು ಅದನ್ನ ಕದ್ದ ಅಂದ್ರೆ ಕಳ್ಳ ಕುರುಡನೇ ಇರಬೇಕು."

ಇನ್ನುಳಿದವರು ಹಲ್ಲಿನ ಡಾಕ್ಟರು. ಕ್ಲಿನಿಕ್ಕಿನಲ್ಲಿ ರೋಗಿಗಳಿರಲಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟವರ ಕಣ್ಣು.

"ಪ್ರತಿ ಶನಿವಾರ ಮಧ್ಯಾಹ್ನ ಹೋಗ್ತೀನಿ. ಇಬ್ಬರೂ ಕೂತು ಅವನ್ನ ನೋಡ್ತೀವಿ, ಅಷ್ಟೇ. ಮೊನ್ನೆಯೂ ಹೋಗಿದ್ದೆ, ಅವತ್ತು ಮಾತ್ರ ಅವನು ಕಪಾಟು ತೆಗೀಲಿಲ್ಲ."

"ಏಳನೇದರಲ್ಲಿ ಅಂಥದ್ದೇನಿದೆ, ಡಾಕ್ಟ್ರೇ?"

"ಗುಂಡು ತುಂಬೋ ಉರುಳೆ ತಿರುಗಿಸಿದ್ರೆ ಆರು ಮನೆಗೂ ಒಂದೇ ಸದ್ದು ಬರುತ್ತೆ. ಅಂಗೈಲಿಟ್ರೆ ತೂಕ ಎಲ್ಲೂ ವಾಲಲ್ಲ. ಅಂಥ ಕೆಲಸಗಾರಿಕೆ ಈಗ ಯಾರಿಗೂ ಬರಲ್ಲ. ಇಪ್ಪತ್ತು ವರ್ಷದಿಂದ ಕೇಳ್ತಿದ್ದೀನಿ, ಅವನು ಕೊಡಲಿಲ್ಲ. ಬರ್ಕೊಳ್ಳಿ."

"ಕದ್ದದ್ದು ನೀವಾ?"

"ಹಾಗನ್ನಿಸಿದ್ರೆ ಕೋಳ ಹಾಕಿ." ಅವರು ನಮ್ಮ ಮುಖ ನೋಡಲಿಲ್ಲ.

"ನಾಲ್ಕು ಗಂಟೆಗೆ ಅಜ್ಜನ ಮನೆಗೆ ಬನ್ನಿ," ಎಂದರು ಮೇಡಂ. "ಬರಿಗೈಲಿ ಬರಬೇಡಿ."

ನನಗೆ ಅರ್ಥವಾಗಲಿಲ್ಲ.

ನಾಲ್ಕಕ್ಕೆ ಎಲ್ಲರೂ ಕಪಾಟಿನ ಕೋಣೆಯಲ್ಲಿದ್ದೆವು. ಮಗಳು ಸಮವಸ್ತ್ರದಲ್ಲೇ ಬಂದಿದ್ದಳು. ಡಾಕ್ಟರು ಚರ್ಮದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಅಜ್ಜ, ಮಗಳ ಮುಂದೆ ಹೇಳಲಾ?"

ಅಜ್ಜ ಹೂಂ ಎಂದು ತಲೆಯಾಡಿಸಿದರು.

"ಖಾಲಿ ರಿವಾಲ್ವರ್ ಕಳೆದ್ರೆ, ಟ್ರಿಗರ್ ಮುಟ್ಟಬೇಡಿ ಅಂತ ಯಾರೂ ಗೋಗರೆಯಲ್ಲ. ಗುಂಡಿನ ಪೆಟ್ಟಿಗೆ ತೆಗೀರಿ."

ಲೈಸೆನ್ಸಿನಲ್ಲಿ ಆರು ಗುಂಡು ಎಂದಿತ್ತು. ಪೆಟ್ಟಿಗೆಯಲ್ಲಿದ್ದದ್ದು ಐದು.

"ಈ ಹದಿನೇಳರಲ್ಲಿ ಇವತ್ತಿಗೂ ಗುಂಡು ಸಿಗೋದು ಏಳನೇದಕ್ಕೆ ಮಾತ್ರ. ಒಂದು ಗುಂಡು ಅದರೊಳಗೆ ಹೋಗಿತ್ತು. ತುಂಬಿದ್ದು ಕಳ್ಳನಲ್ಲ, ಪೆಟ್ಟಿಗೆಯ ಕೀಲಿ ನಿಮ್ಮ ಜೇಬಲ್ಲಿತ್ತು. ಶುಕ್ರವಾರ ಎಲ್ಲ ಒರೆಸಿಟ್ಟವರು, ಇವತ್ತು ಮಗಳು ಡ್ಯೂಟಿಗೆ ಹೋದ ಮೇಲೆ ಕಪಾಟು ತೆರೆದದ್ದು ಯಾಕೆ, ಅಜ್ಜ?"

"ಅಪ್ಪಾ?" ಮಗಳು ಅವರತ್ತ ತಿರುಗಿದಳು.

ಅಜ್ಜ ನೆಲ ನೋಡುತ್ತಿದ್ದರು.

ಮೇಡಂ ನನ್ನ ಕಡೆ ತಿರುಗಿದರು. "ಕಳ್ಳ ಬಿಟ್ಟುಹೋದ ಗುರುತು ನಿಮ್ಮ ಕೈಗೇ ಸಿಕ್ಕಿತ್ತು. ಒತ್ತಿ ಅಳಿಸಿಬಿಟ್ರಿ. ಆರನೇದರ ಕೊಂಡಿ. ಸಡಿಲವಾಗಿದ್ರೆ ಅಷ್ಟು ಗಟ್ಟಿಯಾಗಿ ಟಕ್ ಅಂತಿತ್ತಾ? ಅಜ್ಜ, ನೀವು ಹಾಗೆ ಅರೆಬರೆ ಮುಚ್ಚಿಟ್ಟಿದ್ರಾ?"

"ಇಲ್ಲ. ನಡುಗೋದು ಕೈ, ಕಿವಿಯಲ್ಲ. ಟಕ್ ಅನ್ನದೆ ನಾನು ಕೆಳಗಿಡಲ್ಲ."

"ಅಂದ್ರೆ ಆಮೇಲೆ ಯಾರೋ ಅದನ್ನ ತೆರೆದಿದ್ದಾರೆ. ಏಳನ್ನ ತೆಗೀಬೇಕಾದ್ರೆ ಆರನ್ನ ಸರಿಸಬೇಕು, ಸರಿ. ತೆರೆಯೋದು ಯಾಕೆ? ಶಸ್ತ್ರಾಗಾರದ ಮೊದಲನೇ ಪಾಠ ಏನು?"

ನನಗೆ ನಾಚಿಕೆಯಾಯಿತು. "ಯಾವುದನ್ನ ಕೈಗೆತ್ತಿಕೊಂಡರೂ ಮೊದಲು ತೆರೆದು, ಖಾಲಿಯಿದೆಯಾ ಅಂತ ನೋಡಬೇಕು."

"ಬಲ್ಲವರಿಗೆ ಅದು ಕೈಗಂಟಿದ ಅಭ್ಯಾಸ, ಯೋಚಿಸದೇ ಆಗುತ್ತೆ. ಮಗಳಿಗೆ ತೆರೆಯೋಕೇ ಬರಲ್ಲ. ಹರಾಜಿನವನು ಊರಲ್ಲಿರಲಿಲ್ಲ. ಶನಿವಾರ ಬಂದವರು ಆರನ್ನ ತೆರೆದು ನೋಡಿದ್ರು – ಖಾಲಿ. ಹಾಗೇ ಹಿಡಿದುಕೊಂಡು ಏಳನ್ನ ತೆರೆದ್ರು – ಒಂದು ಗುಂಡು. ಅದನ್ನ ಕಂಡ ಮೇಲೆ ಆರನ್ನ ಸರಿಯಾಗಿ ಮುಚ್ಚೋ ಸ್ಥಿತಿ ಇರಲಿಲ್ಲ. ತೆಗೆದವರು ನೀವು, ಡಾಕ್ಟ್ರೇ."

ಡಾಕ್ಟರು ಚೀಲ ತೆರೆದು, ಟವೆಲಿನಲ್ಲಿ ಸುತ್ತಿದ್ದ ರಿವಾಲ್ವರನ್ನು ಮೇಜಿನ ಮೇಲಿಟ್ಟರು. ಗುಂಡನ್ನು ಅಂಗಿಯ ಜೇಬಿನಿಂದ ಬೇರೆಯಾಗಿ ತೆಗೆದರು.

"ಇವನು ಮಾತ್ರೆ ತಗೊಳ್ಳೋಕೆ ಒಳಗೆ ಹೋಗಿದ್ದ. ಐದು ನಿಮಿಷ."

"ಬೆಳಿಗ್ಗೆಯೇ ಹೇಳಬಹುದಿತ್ತು," ಎಂದರು ಮೇಡಂ. " ಕಳ್ಳ ಅನ್ನಿಸಿಕೊಳ್ಳೋಕೆ ತಯಾರಿದ್ರಲ್ಲ."

"ಕಳ್ಳ ಅಂದ್ರೆ ನನ್ನ ಮಾನ ಹೋಗ್ತಿತ್ತು. ನಿಜ ಹೇಳಿದ್ರೆ ಇವನದ್ದು."

ಅಜ್ಜ ಮೊದಲ ಬಾರಿಗೆ ಸ್ನೇಹಿತನ ಮುಖ ನೋಡಿದರು. "ನನ್ನನ್ನೇ ಕೇಳಬಹುದಿತ್ತಲ್ಲೋ."

"ಕೇಳಿದ್ರೆ ಅಂಥದ್ದೇನಿಲ್ಲ ಅಂತಿದ್ದೆ. ನಾನು ನಂಬಿಬಿಡ್ತಿದ್ದೆ."

ಮೇಡಂ ರಿವಾಲ್ವರನ್ನೂ ಆರು ಗುಂಡನ್ನೂ ಠಾಣೆಯ ವಶಕ್ಕೆ ತೆಗೆದುಕೊಂಡು ರಸೀದಿ ಬರೆದರು. ಮಗಳು ಆಸ್ಪತ್ರೆಗೆ ಫೋನು ಮಾಡಿ ಒಂದು ವಾರ ರಜೆ ಹೇಳಿದಳು. ಆಮೇಲೆ ಕುರ್ಚಿಯನ್ನು ಎಳೆದುಕೊಂಡು ಅಪ್ಪನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತಳು.

"ಹೇಳಪ್ಪ. ಮೊದಲಿಂದ ಹೇಳು."

ತಂದೆಮಗಳು ಮಾತಾಡಿಕೊಳ್ಳಲಿ ಎಂದು ಡಾಕ್ಟರು ಮೆಲ್ಲಗೆ ಎದ್ದರು. ಅಜ್ಜ ಅವರ ಅಂಗಿಯ ತೋಳು ಹಿಡಿದರು.

"ನೀನೂ ಕೂತ್ಕೋ," ಎಂದರು.