ಕಾಂತಾನ ದೀಪ

ಕಾಂತಾ ಈರಯ್ಯನನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಸಿಟ್ಟಿನಲ್ಲಿ. ಶಾಲೆಯ ಗಂಟೆ ಹೊಡೆಯಲು ಇಪ್ಪತ್ತು ನಿಮಿಷ ಉಳಿದಿತ್ತು. ಈ ಮನುಷ್ಯನಿಗೆ ಅದರ ಗೊಡವೆಯೇ ಇಲ್ಲ. ಕಾರಿನ ಬಾನೆಟ್ ಎತ್ತಿಟ್ಟು, ಯಾವುದೋ ಡಬ್ಬಿಯ ಮುಚ್ಚಳ ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ.

ಅದು 1979ರ ಜೂನ್. ಬೆಳಗಾವಿಯ ಗುರುಪುತ್ರಪ್ಪ ಸಾವ್ಕಾರರಿಗೆ ಖಾನಾಪುರದಲ್ಲಿ ಹಂಚಿನ ಕಾರ್ಖಾನೆ ಇತ್ತು. ಮಗಳು ಕಾಂತಾ ಅಲ್ಲಿಯೇ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್, ಊರಿನವರ ಬಾಯಲ್ಲಿ 'ಬಾಯಾರು'. ತಾಯಿಯಿಲ್ಲದ ಮಗಳು, ಮೇಲಾಗಿ ಸಾವ್ಕಾರರ ಕಣ್ಣಮಣಿ. ಬಸ್ಸಿನಲ್ಲಿ ಕಳಿಸುವ ಮಾತೇ ಇರಲಿಲ್ಲ. ಅಪ್ಪ ಮಗಳು ದಿನವೂ ಒಂದೇ ಕಾರಿನಲ್ಲಿ ಹೋಗಿ ಬರುತ್ತಿದ್ದರು. ಗೋವೆ ಬಿಟ್ಟು ಪರದೇಶಕ್ಕೆ ಹೊರಟ ಮನೆತನವೊಂದರಿಂದ ಕೊಂಡ ಹಳೆಯ ಜರ್ಮನ್ ಗಾಡಿ ಅದು. ನಡೆಸುವವನು ಕಲಂದರ. ಕಾಂತಾಳನ್ನು ಬಾಲವಾಡಿಗೆ ಬಿಟ್ಟುಬಂದ ಕಾಲದಿಂದ ಅವರ ಮನೆಯ ಡ್ರೈವರ್.

ಅವತ್ತು ದಾರಿಯಲ್ಲಿ ಸ್ಟೇರಿಂಗಿನ ಮುಂದೆ ಕೆಂಪು ದೀಪ ಹತ್ತಿತ್ತು. ಬ್ರೇಕ್ ಆಯಿಲ್ ಕಡಿಮೆಯಾದರೆ ಹತ್ತುವ ದೀಪ ಅದು. ಸಾವ್ಕಾರರು ಗಾಬರಿಯಾಗಿ ಖಾನಾಪುರದ ಮೊದಲ ಗ್ಯಾರೇಜಿನಲ್ಲೇ ನಿಲ್ಲಿಸಿದ್ದರು.

ಈರಯ್ಯ ಕೊನೆಗೂ ಬಾಯಿ ಬಿಟ್ಟ. ಆಯಿಲ್ ಬರೋಬ್ಬರಿ ಇದೆ, ಸುಳ್ಳು ಹೇಳುತ್ತಿರುವುದು ದೀಪ ಎಂದ. ಡಬ್ಬಿಯೊಳಗೆ ಆಯಿಲ್ ಮೇಲೆ ಒಂದು ಪುಟ್ಟ ಫ್ಲೋಟ್ ತೇಲುತ್ತಿರುತ್ತದಂತೆ. ಆಯಿಲ್ ಇಳಿದರೆ ಅದೂ ಇಳಿದು, ಮುಚ್ಚಳದ ಎರಡು ತಂತಿ ಕೂಡಿಕೊಂಡು ದೀಪ ಹತ್ತುತ್ತದಂತೆ. ಈ ಫ್ಲೋಟು ಸೀಳಿ, ಹೊಟ್ಟೆ ತುಂಬ ಆಯಿಲ್ ಕುಡಿದು ಮುಳುಗಿ ಕುಳಿತಿತ್ತು. ಜರ್ಮನಿಯ ಸಾಮಾನು ಖಾನಾಪುರದಲ್ಲಿ ಎಲ್ಲಿ ಸಿಗಬೇಕು? ಎರಡು ದಿನ ಬಿಟ್ಟು ಬನ್ನಿ ಎಂದ.

ಎರಡು ದಿನಕ್ಕೆ ಹೋದಾಗ ಹಳೆಯ ಮೋಟಾರ್ ಸೈಕಲ್ಲಿನ ಕಾರ್ಬುರೇಟರಿನಿಂದ ಹಿತ್ತಾಳೆಯ ಫ್ಲೋಟ್ ಕಿತ್ತು, ಕತ್ತರಿಸಿ, ಬೆಸೆದು, ಬಟಾಣಿ ಕಾಳಿಗಿಂತ ಸ್ವಲ್ಪ ದೊಡ್ಡದು ಮಾಡಿಟ್ಟಿದ್ದ. ಕೂಡಿಸಿದ. ದೀಪ ಆರಿತು. ಹತ್ತುವುದನ್ನೂ ತೋರಿಸಬೇಕಲ್ಲ, ತಂತಿಯ ತುಂಡಿಗಾಗಿ ಹುಡುಕಾಡತೊಡಗಿದ. ಕಾಂತಾಳ ತಾಳ್ಮೆ ಅಲ್ಲಿಗೆ ಮುಗಿಯಿತು. ಮುಡಿಯಿಂದ ಹೇರ್‌ಪಿನ್ ಕಿತ್ತು ಕೊಟ್ಟಳು. ಅವನು ಪಿನ್ನನ್ನು ಮುಚ್ಚಳದ ಮೇಲೆ ತಂತಿಗಳು ಬಂದು ಸೇರುವ ಎರಡು ಮೊಳೆಗಳಿಗೆ ಸಿಕ್ಕಿಸಿದ ಕೂಡಲೇ ಒಳಗೆ ದೀಪ ಹತ್ತಿತು.

ಮರುದಿನ ಗ್ಯಾರೇಜಿನ ಮುಂದೆ ಕಾರು ನಿಧಾನವಾದಾಗ ಅವಳು ಕಿಟಕಿಯಿಂದ ಕೇಳಿದಳು: "ನನ್ನ ಪಿನ್ನು?"

"ಐತ್ರಿ ಬಾಯಾರ. ಮತ್ತ ಟೆಸ್ಟ್ ಮಾಡೂದು ಬಂದ್ರ ಬೇಕಾಗತೈತಿ ಅಂತ ಇಟ್ಕೊಂಡೇನಿ." ನಗಲಿಲ್ಲ. ಆದರೆ ಕಣ್ಣು ಕೆಳಗಿಳಿಸಲೂ ಇಲ್ಲ.

ಅಷ್ಟೇ. ಅವಳ ಗ್ರಹಚಾರ ಅಲ್ಲಿಂದ ಶುರುವಾಯಿತು.

ಕಲಂದರ ದಿನಾ ಬೆಳಿಗ್ಗೆ ಬಾನೆಟ್ ತೆರೆದಿಟ್ಟು ನೀರು ತರಲು ಬಾವಿಯ ಕಡೆ ಹೋಗುತ್ತಿದ್ದ. ಒಂದು ಸೋಮವಾರ ಕಾಂತಾ ಅತ್ತ ಇತ್ತ ನೋಡಿ, ಪಿನ್ ತೆಗೆದು ಆ ಮುಚ್ಚಳಕ್ಕೆ ಸಿಕ್ಕಿಸಿಯೇ ಬಿಟ್ಟಳು. ಊರು ದಾಟುವ ಮೊದಲೇ, ಗಾಡಿಯ ಕುಲುಕಾಟಕ್ಕೆ ಸಡಿಲ ಪಿನ್ ಮೊಳೆಗೆ ತಾಗಿ, ದೀಪ ಹತ್ತಿತು. ಕಲಂದರ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಅರೆಗಳಿಗೆ ಬಗ್ಗಿ ನೋಡಿ, ಮತ್ತೆ ಮುಚ್ಚಿದ. ಇದು ಈರಯ್ಯನೇ ನೋಡಬೇಕಾದದ್ದು ಎಂದ. ಕನ್ನಡಿಯಲ್ಲಿ ಅವನ ಮೀಸೆ ಅಲುಗಿದ್ದು ಅವಳಿಗೆ ಕಂಡಿತು. ನಾಚಿಕೆಯಿಂದ ಸತ್ತು ಹೋಗಬೇಕೆನಿಸಿತು. ಸಾಯಲಿಲ್ಲ, ಮುಂದಿನ ಸೋಮವಾರ ಮತ್ತೆ ಸಿಕ್ಕಿಸಿದಳು.

ಈರಯ್ಯ ಪ್ರತಿಸಲ ಪಿನ್ ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡು, ಸಾವ್ಕಾರರಿಗೆ ಏನೋ ಒಂದು ಕಾರಣ ಹೇಳುತ್ತಿದ್ದ. ಸಾವ್ಕಾರರು ಗೋಣಿತಟ್ಟು ಹಾಸಿದ ಸ್ಟೂಲಿನ ಮೇಲೆ ಕುಳಿತು ಚಹಾ ತರಿಸಿಕೊಂಡು, ಅವನ ತಾಯಿ ಸಿದ್ದಕ್ಕನ ಮಂಡಿನೋವು, ಅವನು ಕಲಿತ ಐಟಿಐ, ಎಲ್ಲ ವಿಚಾರಿಸುತ್ತಿದ್ದರು. ಹತ್ತು ನಿಮಿಷದ ಆ ಭೇಟಿಯಲ್ಲಿ ಇವರಿಬ್ಬರಿಗೆ ಸಿಗುತ್ತಿದ್ದದ್ದು ಮೂರೋ ನಾಲ್ಕೋ ಮಾತು. ಒಮ್ಮೆ ಅವನು ಬಾನೆಟ್ಟಿನ ಮರೆಯಿಂದ ಮೆಲ್ಲಗೆ ಹೇಳಿದ: "ಬಣ್ಣ ಉದುರಿದ ಪಿನ್ ಹಾಕ್ರಿ ಬಾಯಾರ. ಹೊಸಾ ಪಿನ್ನಿಗೆ ಕರೆಂಟ್ ಸರಿ ಹರಿಯಂಗಿಲ್ಲ." ಅವತ್ತು ರಾತ್ರಿ ಅವಳು ಹೊಸ ಪಿನ್ನುಗಳನ್ನೆಲ್ಲ ಹೊಸ್ತಿಲ ಕಲ್ಲಿಗೆ ತಿಕ್ಕುತ್ತ ಕುಳಿತಿದ್ದಳು.

ಮಾರ್ಚ್ ಬರುವುದರೊಳಗೆ ಪಿನ್ನುಗಳು ಹದಿನೇಳಾಗಿದ್ದವು. ಈಗ ಕೆಂಪು ದೀಪ ಹತ್ತಿದರೆ ಆ ಕಾರಿನಲ್ಲಿ ಯಾರಿಗೂ ಹೆದರಿಕೆ ಇರಲಿಲ್ಲ. ಕಲಂದರ ಬಾನೆಟ್ ಎತ್ತಿ ನೋಡುವುದನ್ನೂ ಬಿಟ್ಟಿದ್ದ.

ಮಾರ್ಚಿನ ಒಂದು ಗುರುವಾರ ಕಾಂತಾಳಿಗೆ ಜ್ವರ. ಶಾಲೆಗೆ ಹೋಗಲಿಲ್ಲ. ಅಪ್ಪನ ಬುತ್ತಿ ಕೊಡಲು ಕಾರಿನ ತನಕ ಹೋಗಿ, ಎತ್ತಿದ ಬಾನೆಟ್ಟಿಗೆ ಒರಗಿ ಒಂದು ಗಳಿಗೆ ನಿಂತು ಬಂದಳು. ಪಿನ್ ಸಿಕ್ಕಿಸಲಿಲ್ಲ. ತಾನೇ ಹೋಗದ ಮೇಲೆ ಪಿನ್ ಯಾಕೆ?

ಹಿಂದಿನ ಗಾಲಿಯ ಬ್ರೇಕಿನ ರಬ್ಬರ್ ಹರಿದು ಆಯಿಲ್ ಸೋರುತ್ತಿತ್ತು. ಅರ್ಧ ದಾರಿಯಲ್ಲಿ ದೀಪ ಹತ್ತಿತು. ಈ ಸಲ ಅದು ನಿಜವನ್ನೇ ಹೇಳಿತು. ಕಲಂದರ ನಿಲ್ಲಿಸಲಿಲ್ಲ. ದೇಸೂರ ದಾಟಿದ ಮೇಲೆ ಇಳಿಜಾರು, ಕೆಳಗೆ ರೈಲ್ವೆ ಗೇಟು ಬಿದ್ದಿತ್ತು, ಗೇಟಿನ ಮುಂದೆ ಸಂತೆಯ ಜನ. ಪೆಡಲ್ ಒತ್ತಿದರೆ ತಳಕ್ಕೆ ಹೋಯಿತು. ಜನರ ಮೇಲೆ ಹಾಯಿಸುವ ಬದಲು ಕಲಂದರ ಗಾಡಿಯನ್ನು ಮಾವಿನ ಮರಕ್ಕೆ ತಿರುಗಿಸಿದ. ಸಾವ್ಕಾರರು ಅಲ್ಲಿಯೇ ಹೋದರು. ಕಲಂದರನ ಸೊಂಟ ಮುರಿಯಿತು.

ದೀಪ ಹತ್ತಿತ್ತೆಂದು ಕಲಂದರ ಆಸ್ಪತ್ರೆಯಲ್ಲೇ ಒಪ್ಪಿಕೊಂಡ. ಮತ್ತೆ ಯಾಕೆ ನಿಲ್ಲಿಸಲಿಲ್ಲ ಎಂದು ಪೊಲೀಸರು ನೂರು ಸಲ ಕೇಳಿದರು. ಇಪ್ಪತ್ತು ವರ್ಷ ಉಪ್ಪು ತಿಂದು ಧಣಿಯನ್ನೇ ಕೊಂದ ಎಂದು ಬೆಳಗಾವಿಯೆಲ್ಲ ಆಡಿಕೊಂಡಿತು. ಕಾಂತಾಳ ಅಣ್ಣ ತಮ್ಮಣ್ಣ ಅವನನ್ನು ಜೈಲಿಗೆ ಹಾಕಿಸಿಯೇ ನೀರು ಕುಡಿಯುತ್ತೇನೆಂದು ಕುಳಿತ. ಕಲಂದರ ಯಾರ ಮಾನ ಕಾಯಲು ಬಾಯಿ ಮುಚ್ಚಿಕೊಂಡಿದ್ದಾನೆಂದು ಗೊತ್ತಿದ್ದದ್ದು ಇಬ್ಬರಿಗೇ. ಅದರಲ್ಲೊಬ್ಬಳು ಅದೇ ಮನೆಯಲ್ಲಿ ಅನ್ನ ನುಂಗಲಾರದೆ ಕುಳಿತಿದ್ದಳು.

ಹದಿನೈದು ದಿನಕ್ಕೆ ಗಾಡಿಯ ತಪಾಸಣೆ. ನಜ್ಜುಗುಜ್ಜಾದ ಕಾರನ್ನು ಠಾಣೆಯ ಕಂಪೌಂಡಿನಲ್ಲಿ ನಿಲ್ಲಿಸಿದ್ದರು. ಆ ದೀಪದ ಕೆಲಸ ಮಾಡಿದವನೆಂದು ಈರಯ್ಯನನ್ನು ಕರೆಸಿದ್ದರು. ದಿನಾ ಕಾರಿನಲ್ಲಿ ಹೋಗುತ್ತಿದ್ದವಳು ಸಾಕ್ಷಿ ಹೇಳಲಿ ಎಂದು ತಮ್ಮಣ್ಣ ಕಾಂತಾಳನ್ನು ಕರೆತಂದಿದ್ದ. ಗೇಟಿನ ಹೊರಗೆ ಕಲಂದರನ ಹೆಂಡತಿ ಮದರಬೀ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು.

ಮರಕ್ಕೆ ಬಡಿದಾಗ ದೀಪದ ತಂತಿ ಹರಿದಿತ್ತು. ಇನ್‌ಸ್ಪೆಕ್ಟರು ಅದನ್ನು ದುರಸ್ತಿ ಮಾಡಿ ತೋರಿಸು ಎಂದರು. ದೀಪ ನೆಟ್ಟಗಿದ್ದರೆ ತಪ್ಪು ಡ್ರೈವರನದು. ಅದು ಮೊದಲಿನಿಂದಲೇ ಸುಳ್ಳು ದೀಪವಾಗಿದ್ದರೆ ತಪ್ಪು ಮೆಕ್ಯಾನಿಕನದು.

ಈರಯ್ಯ ತಂತಿ ಜೋಡಿಸಿದ. ಹೊಸ ಬ್ಯಾಟರಿ ಕೊಟ್ಟ. ಮುಚ್ಚಳ ತಿರುವಿ ತೆಗೆದು ಎಲ್ಲರಿಗೂ ಬೆನ್ನು ಮಾಡಿ ನಿಂತ. ಬಾನೆಟ್ಟಿನ ಆಚೆ ಬದಿಗಿದ್ದ ಕಾಂತಾಳಿಗೆ ಮಾತ್ರ ಅವನ ಕೈ ಕಾಣುತ್ತಿತ್ತು. ಅವನ ಹೆಬ್ಬೆರಳು ಆ ಹಿತ್ತಾಳೆ ಫ್ಲೋಟಿನ ಬೆಸುಗೆಯ ಮೇಲಿತ್ತು, ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರ್. ಒಂದು ತೂತು ಸಾಕು. ಫ್ಲೋಟು ಮುಳುಗುತ್ತದೆ, ಕಲಂದರ ಉಳಿಯುತ್ತಾನೆ, ಅವಳ ಹೆಸರೂ ಉಳಿಯುತ್ತದೆ. ಹೋಗುವುದು ಅವನೊಬ್ಬನೇ. ತಲೆಯೆತ್ತಿ ಅವಳನ್ನು ಒಮ್ಮೆ ನೋಡಿದ. ಅಷ್ಟು ದಿನಗಳಲ್ಲಿ ಅವನು ಪ್ರೀತಿಸುತ್ತೇನೆಂದು ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಹೇಳುವುದು ಏನೂ ಉಳಿದಿರಲಿಲ್ಲ.

"ಬಿಡ್ರಿ ಅದನ್ನ," ಎಂದಳು ಕಾಂತಾ.

ಅವಳು ಬಗ್ಗಿ ಅವನ ಕೈಯಿಂದ ಮುಚ್ಚಳ ತೆಗೆದುಕೊಂಡು ಡಬ್ಬಿಗೆ ತಿರುವಿದಳು. ಸೋರಿ ಖಾಲಿಯಾಗಿದ್ದ ಡಬ್ಬಿ. ಕೆಂಪು ದೀಪ ಹತ್ತಿತು. ಈರಯ್ಯ ತಂದಿದ್ದ ಬಾಟಲಿಯಿಂದ ಆಯಿಲ್ ಸುರಿದಳು, ಆರಿತು. ಆಮೇಲೆ ಮುಡಿಯಿಂದ ಪಿನ್ ಕಿತ್ತು ಎರಡು ಮೊಳೆಗಳ ನಡುವೆ ಸಿಕ್ಕಿಸಿದಳು. ಡಬ್ಬಿ ತುಂಬಿದ್ದರೂ ದೀಪ ಹತ್ತಿತು.

"ದೀಪ ನೆಟ್ಟಗೈತ್ರಿ ಸಾಹೇಬರ. ಅದಕ್ಕ ಸುಳ್ಳು ಹೇಳಾಕ ಕಲಿಸಿದಾಕಿ ನಾನು. ಎಂಟ ತಿಂಗಳು ಹಿಂಗ ಹತ್ತಿಸೇನಿ, ಗಾಡಿ ಗ್ಯಾರೇಜಿಗೆ ಹೋಗಲಿ ಅಂತ. ಅವತ್ತೂ ನಂದ ಪಿನ್ನು ಅಂತ ತಿಳಕೊಂಡ ಕಲಂದರ ಕಾಕಾ."

ಯಾಕೆ ಗ್ಯಾರೇಜಿಗೆ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಈರಯ್ಯನ ಮುಖ ನೋಡಿದರು.

ಮೂರನೆಯ ದಿನ ತಮ್ಮಣ್ಣ ಅವಳ ಟ್ರಂಕನ್ನು ಪಡಸಾಲೆಗೆ ತಂದಿಟ್ಟ. ಅವಳು ಖಾನಾಪುರದಲ್ಲಿ ಶಾಲೆಯ ಹಿಂದೆ ಒಂದು ಖೋಲಿ ಹಿಡಿದಳು. ಕೇಸು ಎರಡು ವರ್ಷ ನಡೆದು ಕಲಂದರನಿಗೆ ಜೈಲು ತಪ್ಪಿತು, ಲೈಸನ್ಸ್ ಹೋಯಿತು. ಈರಯ್ಯ ಒಮ್ಮೆ ಬಾಗಿಲಿಗೆ ಬಂದಿದ್ದ. ನಿಮ್ಮ ಮುಖ ನೋಡಿದರೆ ನನಗೆ ಆ ಮಾವಿನ ಮರ ಕಾಣುತ್ತದೆ, ಬರಬೇಡಿ ಎಂದಳು. ಅವನು ಬರಲಿಲ್ಲ. ದಿನಾ ಗ್ಯಾರೇಜಿನ ಮುಂದೆಯೇ ಹಾದು ಹೋಗುತ್ತಿದ್ದಳು. ಅವನು ಸುತ್ತಿಗೆಯ ಪೆಟ್ಟು ನಿಲ್ಲಿಸುತ್ತಿದ್ದ, ಅವಳು ದಾಟಿದ ಮೇಲೆ ಮತ್ತೆ ಶುರುಮಾಡುತ್ತಿದ್ದ. ಅವಳು ಈಗ ಪಿನ್ ಹಾಕುತ್ತಿರಲಿಲ್ಲ, ಹೆರಳಿಗೆ ದಾರ ಕಟ್ಟುತ್ತಿದ್ದಳು. ಪ್ರೀತಿ ಹೋಗಿತ್ತೇ ಎಂದರೆ ಇಲ್ಲ. ಅದನ್ನು ಬಯಸುವ ಹಕ್ಕು ತನಗಿಲ್ಲವೆಂದು ಅವಳು ನಂಬಿದ್ದಳು.

ಕೇಸು ಮುಗಿದ ತಿಂಗಳಿಗೆ ಕಲಂದರ ಊರುಗೋಲು ಊರಿಕೊಂಡು ಬಸ್ಸಿನಲ್ಲಿ ಶಾಲೆಗೆ ಬಂದ. ನೀರು ಕೊಟ್ಟಳು. ಕುಡಿದು ತಂಬಿಗೆಯನ್ನು ಅವಳ ಕೈಗೆ ಕೊಟ್ಟ.

"ಕಾಂತವ್ವ, ಅವತ್ತ ದೀಪ ಹತ್ತಿದ ಕೂಡಲೇ ಸಾವ್ಕಾರ್ರ ನಕ್ಕರು," ಎಂದ. "'ನಮ್ಮ ಕಾಂತಾನ ದೀಪ ಹತ್ತೇತಿ ನೋಡೋ ಕಲಂದರ, ತಾನು ಬರಾಕ ಆಗದಿದ್ರೂ ಪಿನ್ನ ಕಳಿಸ್ಯಾಳ' ಅಂದ್ರು. ಅವರಿಗೆ ಮೊದಲಿಂದ ಗೊತ್ತಿತ್ತು. ನಿಲ್ಲಿಸಿ ನೋಡ್ಲೇನ್ರಿ ಅಂದೆ. 'ಬ್ಯಾಡ, ಎಲ್ಲೂ ನಿಲ್ಲಸಬ್ಯಾಡ, ಸೀದಾ ಈರಯ್ಯನ ಕಡೆ ಬಿಡು. ಹುಡುಗ ಛಲೋ ಅದಾನ. ಇವತ್ತ ಕೇಳೇ ಬಿಡ್ತೇನಿ' ಅಂದ್ರು."

ಕಾಂತಾಳ ಕೈಯಲ್ಲಿ ಖಾಲಿ ತಂಬಿಗೆ ಹಾಗೆಯೇ ಇತ್ತು. ಇದನ್ನು ಕೋರ್ಟಿನಲ್ಲಿ ಹೇಳಿದ್ದರೆ ನಿನ್ನ ಲೈಸನ್ಸಾದರೂ ಉಳಿಯುತ್ತಿತ್ತಲ್ಲ ಕಾಕಾ ಎಂದಳು.

"ಸತ್ತ ಧಣಿ ಮ್ಯಾಲೆ ತಪ್ಪ ಹೆಂಗ ಹಾಕ್ಲೆವ್ವಾ?" ಎಂದು ಅವನು ಕಣ್ಣೊರೆಸಿಕೊಂಡ.

ಅವನನ್ನು ಬಸ್ಸು ಹತ್ತಿಸಿ ಅವಳು ಖೋಲಿಗೆ ಹೋಗಲಿಲ್ಲ. ಇಡೀ ದಾರಿ ಅತ್ತಳು, ನಡುರಸ್ತೆಯಲ್ಲಿ, ಯಾರು ನೋಡಿದರೂ ನೋಡಲಿ ಎಂದು. ಅಪ್ಪ ನಗುತ್ತ ಹೋಗಿದ್ದ. ಇದು ಸಮಾಧಾನವೋ ಇನ್ನೊಂದು ಏಟೋ ಅವಳಿಗೆ ತಿಳಿಯಲಿಲ್ಲ.

ಗ್ಯಾರೇಜಿನಲ್ಲಿ ಸುತ್ತಿಗೆ ನಿಂತಿತು. ಅವಳು ದಾಟಿ ಹೋಗಲಿಲ್ಲ. ಈರಯ್ಯ ಎದ್ದು ನಿಂತ. ಅವನ ಹಿಂದಿನ ಹಲಗೆಯ ಮೇಲೆ ಗ್ರೀಸ್ ಡಬ್ಬಿಯ ಮುಚ್ಚಳದಲ್ಲಿ ಪಿನ್ನುಗಳು ಹಾಗೆಯೇ ಇದ್ದವು, ಅಷ್ಟೂ.

"ಅವತ್ತ ನಮ್ಮಪ್ಪ ನಿಮ್ಮ ಕಡೇನ ಬರಾಕತ್ತಿದ್ರಂತ," ಎಂದಳು. "ಒಂದ ಮಾತ ಕೇಳೂದಿತ್ತಂತ. ಮುಟ್ಟಲಿಲ್ಲ. ಅವರು ಕೇಳೂದನ್ನ ನಾ ಕೇಳಾಕ ಬಂದೇನಿ."

ಈರಯ್ಯನಿಗೆ ಯಾವ ಮಾತೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದ ಮೇಲೆ ಕೈಯೊರೆಸುವ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ ಮೂಲೆಯಿಂದ ಗೋಣಿತಟ್ಟು ಹಾಸಿದ ಆ ಸ್ಟೂಲನ್ನು ಎತ್ತಿ ತಂದು, ಎರಡು ವರ್ಷದ ಧೂಳು ಜಾಡಿಸಿ, ಅವಳ ಮುಂದೆ ಇಟ್ಟ.

"ಕುಂದರ್ರಿ," ಎಂದ. "ಕುಂತು ಕೇಳ್ರಿ."