ಬೀಗತಿ ಹಚ್ಚಿದ ಎಣ್ಣೆ

"ಹಬ್ಬದ ಬಾಂಡ್ಲಿ ನಿಮ್ಮವ್ವನ ಕೈಗ್ಯಾಕ ಕೊಟ್ಟಿ, ಸುಮನಾ? ನಾ ಇನ್ನಾ ಸತ್ತಿಲ್ಲ!"

ಹಾಸಿಗೆಯಿಂದ ಅನಸೂಯಾಬಾಯಿ ಕೂಗಿದ್ದು ಅಡುಗೆಮನೆಗೆ ಸ್ಪಷ್ಟವಾಗಿಯೇ ಕೇಳಿಸಿತು. ಅಲ್ಲಿ ಕರ್ಚಿಕಾಯಿ ಕರಿಯುತ್ತಿದ್ದವಳು ಸೊಸೆಯ ತಾಯಿ ಅಂಜನಾಬಾಯಿ. ಬೀಗತಿ ಕಾಯಿಲೆ ಬಿದ್ದಿದ್ದಾಳೆ, ಮಗಳೊಬ್ಬಳೇ ಹಬ್ಬ ಹೇಗೆ ಮಾಡಿಯಾಳು ಎಂದು ಸಂತಪುರದಿಂದ ಬಸ್ಸು ಹತ್ತಿ ಬೀದರಿಗೆ ಬಂದಿದ್ದಳು. ಅಂಜನಾಬಾಯಿಯದು ದಲಿತ ಬೌದ್ಧರ ಮನೆ. ಅಲ್ಲಿ ದೀಪಾವಳಿಯೇ ಇಲ್ಲ. ಮಗ ತುಷಾರ ಸುಮನಳನ್ನು ಮೆಚ್ಚಿ ಮದುವೆಯಾದಾಗಿನಿಂದಲೂ ಅನಸೂಯಾಬಾಯಿ ಅವಳಿಗೆ ಹಬ್ಬದ ಒಲೆ ಮುಟ್ಟಗೊಟ್ಟಿರಲಿಲ್ಲ. ನರಕ ಚತುರ್ದಶಿಯ ನಸುಕಿನಲ್ಲಿ ಎಲ್ಲರ ತಲೆಗೂ ತಾನೇ ಎಣ್ಣೆ ಹಚ್ಚುವವಳು, ಸೊಸೆಯ ಸರದಿ ಬಂದರೆ ಮಾತ್ರ "ನೀನ ಹಚ್ಕೋವಾ" ಎಂದು ಎದ್ದುಬಿಡುತ್ತಿದ್ದಳು.

ಈ ಸಲ ಏಳಲು ಕಾಲಲ್ಲಿ ಬಲವಿರಲಿಲ್ಲ. ಕ್ಯಾನ್ಸರಿಗೆಂದು ಹೈದರಾಬಾದಿನಲ್ಲಿ ಕೊಡಿಸಿದ ಕಿಮೋಗೆ ತಲೆಗೂದಲೆಲ್ಲ ಉದುರಿತ್ತು. ಭಾಲ್ಕಿಯಲ್ಲಿದ್ದ ಸ್ವಂತ ಮಗಳು ಭಕ್ತಿ, "ಅತ್ತಿ ಮನ್ಯಾಗ ಹಬ್ಬ ಅದ, ಬರ್ಲಕ ಆಗಲ್ಲ" ಎಂದು ಫೋನಿನಲ್ಲೇ ಮುಗಿಸಿದ್ದಳು.

ಅಂಜನಾಬಾಯಿ ಒಲೆ ಆರಿಸಿ ಬಾಗಿಲಿಗೆ ಬಂದಳು. "ತಪ್ಪಾಯ್ತರಿ ಅಕ್ಕಾರ..."

ಅನಸೂಯಾಬಾಯಿ ಮತ್ತೇನೋ ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ವಾಂತಿ ಉಕ್ಕಿಬಂತು! ಅಂಜನಾಬಾಯಿ ಓಡಿಬಂದು ಎರಡೂ ಕೈಯೊಡ್ಡಿ ಹಿಡಿದಳು. ಬೀಗತಿಯ ತಲೆಯ ಸೆರಗು ಜಾರಿ ಬೋಳುತಲೆ ಕಾಣಿಸಿತು.

"ನೋಡಬ್ಯಾಡ್ರಿ..." ಎಂದು ಅನಸೂಯಾಬಾಯಿ ಮುಖ ಮುಚ್ಚಿಕೊಂಡಳು.

ಅಂಜನಾಬಾಯಿ ಕೈ ತೊಳೆದುಬಂದು, ಬಿಸಿನೀರಲ್ಲಿ ಬಟ್ಟೆ ಅದ್ದಿ ಆಕೆಯ ಬಾಯಿ, ಕುತ್ತಿಗೆ ಒರೆಸಿದಳು.

"ನಿಮಗ ಹೇಸಿಗಿ ಬರ್ಲಿಲ್ಲೇನ್ರಿ?"

"ಜಡ್ಡಿನ ಮನಷ್ಯಾರಿಗಿ ಹೇಸಿಗಿ ಪಡ್ತಾರೇನ್ರಿ? ಇವತ್ತು ನಿಮ್ಮ ಎಣ್ಣಿ ನೀರಿನ ಹಬ್ಬಂತ. ನಾ ಹಚ್ಲೇನ್ರಿ?"

ಆ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಅನಸೂಯಾಬಾಯಿ ತಾಳಿಕೊಳ್ಳುತ್ತಿದ್ದಳೇನೋ! ತನ್ನ ತಲೆ ಮುಟ್ಟಲು ಈಕೆ ಅಪ್ಪಣೆ ಕೇಳುತ್ತಿದ್ದಾಳೆ... ಈಕೆಯ ಮಗಳ ತಲೆ ಮುಟ್ಟಲು ತಾನು ಹೇಸಿದ್ದಳು... ನಾಚಿಕೆಯಿಂದ ನೆಲ ಬಿಟ್ಟು ಕಣ್ಣು ಮೇಲೇಳಲಿಲ್ಲ.

"ಮೊದಲ ಸುಮನಾ ಕೂಡ್ಲಿ," ಎಂದಳು. "ನಾ ಹಚ್ತೇನಿ."

ಸುಮನ ಬಾಗಿಲಲ್ಲೇ ನಿಂತಿದ್ದಳು. "ಅತ್ತಿ, ನಿಮ್ಮ ಮ್ಯಾಲಿನ ಸಿಟ್ಟು ನನಗ ಇನ್ನಾ ಹೋಗಿಲ್ರಿ."

"ಹೋಗಬ್ಯಾಡವಾ... ನಾ ಮಾಡಿದ್ದ ಹಂಗದ. ಆದ್ರೂ ಕೂಡು."

ಸುಮನ ಬಂದು ಮಂಚದ ಪಕ್ಕ ನೆಲದ ಮೇಲೆ ಕುಳಿತಳು. ಅತ್ತೆಯ ಬೆರಳುಗಳಿಂದ ಎಣ್ಣೆ ಅವಳ ಹಣೆಗೆ ಸೋರಿತು. ಅವಳು ಒರೆಸಿಕೊಳ್ಳಲಿಲ್ಲ, ಅವಳ ಭುಜಗಳು ಮಾತ್ರ ಕುಲುಕುತ್ತಿದ್ದವು.

ಆಮೇಲೆ ಅನಸೂಯಾಬಾಯಿ ತಾನೇ ಸೆರಗು ಸರಿಸಿ, ಬೀಗತಿಯ ಮುಂದೆ ತಲೆ ಬಾಗಿಸಿದಳು. "ಉಪಕಾರ ಆಯ್ತರಿ, ಹಚ್ರಿ," ಎಂದಳು. ಹೊಲದ ಕೆಲಸಕ್ಕೆ ಒರಟಾಗಿದ್ದ ಅಂಜನಾಬಾಯಿಯ ಅಂಗೈ ನೆತ್ತಿಯ ಮೇಲೆ ಮೆಲ್ಲಗೆ ಇಳಿಯಿತು.

"ಜೋರ ಆಯ್ತೇನ್ರಿ ಅಕ್ಕಾರ?"

"ಇಲ್ರಿ," ಎಂದಳು ಅನಸೂಯಾಬಾಯಿ, ಕಣ್ಣು ಮುಚ್ಚಿಕೊಂಡೇ.