ಏರಿನಲ್ಲಿ ಮಾತ್ರ ಮಿಸ್ ಹೊಡೆಯುವ ಗಾಡಿ

"ಅಯ್ಯೋ ದೇವರೇ... ರಕ್ತ!"

ರಾನ್ವಾಳ ಕೈಯಲ್ಲಿದ್ದ ಸ್ಪ್ಯಾನರ್ ಠಣ್ಣನೆ ನೆಲಕ್ಕೆ ಬಿತ್ತು. ಗ್ಯಾರೇಜಿನ ಬಾಗಿಲಲ್ಲಿ ಹಳೆಯ ಹಸಿರು ವ್ಯಾನೊಂದು ಬಂದು ನಿಂತಿತ್ತು. ಅದರಿಂದ ಇಳಿದವನ ತೋಳುಗಳೆರಡೂ ಮೊಣಕೈವರೆಗೆ ಕೆಂಪು!

"ಗಾಬರಿ ಆಗ್ಬೇಡಿ. ನಂದಲ್ಲ, ಕುರೀದು," ಎಂದ ಅವನು. "ಅವಳಿ ಮರಿ. ಎರಡೂ ಬದುಕಿದ್ವು. ಈ ಗಾಡಿ ಮಾತ್ರ ಬದುಕೋ ಹಾಗೆ ಕಾಣ್ತಿಲ್ಲ."

ಹೇಳುತ್ತ ನಕ್ಕ. ತುಟಿಗಿಂತ ಮೊದಲು ಅವನ ಕಣ್ಣುಗಳು ನಕ್ಕವು. ರಾನ್ವಾ ಅದನ್ನು ಗಮನಿಸಿದಳು... ಗಮನಿಸಬಾರದಿತ್ತು ಎಂದೂ ಅಂದುಕೊಂಡಳು.

ಅವನು ಹಾನುಸ್. ಫೆರೋ ದ್ವೀಪಗಳ ಆ ಬಂದರು ಊರಿಗೆ ಹೊಸದಾಗಿ ಬಂದ ಪಶುವೈದ್ಯ. ಕುರಿಗಳು ಮರಿ ಹಾಕುವ ಮೇ ತಿಂಗಳು. ಗುಡ್ಡದಾಚೆಯ ಹಳ್ಳಿಗಳಿಗೆಲ್ಲ ಅವನೊಬ್ಬನೇ ಡಾಕ್ಟರು, ಅವನಿಗೆ ಆ ಮುದಿ ವ್ಯಾನೇ ಗತಿ.

ನಾಲ್ಕು ಸಿಲಿಂಡರ್‌ಗಳಲ್ಲಿ ಮೂರನೆಯದು ಆಗಾಗ ಉರಿಯದೆ ಮಿಸ್ ಹೊಡೆಯುತ್ತಿದೆ ಎಂದು ಅದಕ್ಕೆ ಕಿಡಿ ಕೊಡುವ ಪ್ಲಗ್ಗಿನ ಬಣ್ಣವೇ ಹೇಳಿತು. ಆಗೆಲ್ಲ ಗಾಡಿ ಕುಂಟುತ್ತ, ಎಳೆಯಲಾರದೆ ನಡುಗುತ್ತದೆ ಎಂದ ಹಾನುಸ್. ರಾನ್ವಾ ಪ್ಲಗ್ ಬದಲಿಸಿದಳು. ಗ್ಯಾರೇಜಿನಲ್ಲಿ ಇಂಜಿನ್ ಬೆಣ್ಣೆಯ ಹಾಗೆ ಓಡಿತು.

ಕೆಲವೇ ದಿನಕ್ಕೆ ಅವನು ಮತ್ತೆ ಹಾಜರು!

"ಇಲ್ಲೇ, ಬಂದರಿನ ರಸ್ತೇಲೇ ಮಿಸ್ ಹೊಡೀತು."

ಸಮತಟ್ಟು ರಸ್ತೆ, ಕಡಲಿನ ತೇವ... ಎಲ್ಲೋ ಕಿಡಿ ಸೋರುತ್ತಿರಬೇಕು ಎಂದುಕೊಂಡು ಅವಳು ಪ್ಲಗ್ಗಿನ ವಯರುಗಳನ್ನೂ ಕಿಡಿಗೆ ಕರೆಂಟು ಕೊಡುವ ಕಾಯಿಲನ್ನೂ ಬದಲಿಸಿದಳು. ಅವನು ಮೂರನೇ ಸಲವೂ ಬಂದ. ಸಿಲಿಂಡರಿನೊಳಗಿನ ಒತ್ತಡ ಅಳೆದಳು, ಸರಿಯಾಗಿಯೇ ಇತ್ತು. ಅವಳ ಕಣ್ಣೆದುರು ಮಾತ್ರ ಆ ಗಾಡಿ ಒಮ್ಮೆಯೂ ಮಿಸ್ ಹೊಡೆಯಲಿಲ್ಲ!

"ಗಾಡಿಗೆ ಏನೂ ರೋಗ ಇಲ್ಲ ಕಣೇ ಪುಟ್ಟಿ," ಎಂದ ಪಕ್ಕದ ಪೆಟ್ರೋಲ್ ಬಂಕಿನಲ್ಲಿದ್ದ ಅವಳ ಸೋದರಮಾವ ಟುಮ್ಮಸ್. "ರೋಗ ಇರೋದು ಡಾಕ್ಟ್ರಿಗೆ! ನಿನ್ನ ಮುಖ ನೋಡೋಕೆ ಬರ್ತಾನೆ ಅಂತ ಮೀನಿನ ಕಟ್ಟೆಯೆಲ್ಲ ನಗ್ತಿದೆ."

ರಾನ್ವಾಗೆ ಮೈಯೆಲ್ಲ ಉರಿಯಿತು. 'ಹೆಂಗಸು ಗ್ಯಾರೇಜ್ ನಡೆಸ್ತಾಳಂತೆ' ಎಂದು ಆಡಿಕೊಂಡವರ ನಡುವೆ ಎಷ್ಟು ಕಷ್ಟಪಟ್ಟು ಹೆಸರು ಸಂಪಾದಿಸಿದ್ದಳು! ಅದನ್ನು ಇವನು ಆಟದ ಸಾಮಾನು ಮಾಡಿಕೊಂಡನೇ?

ನಾಲ್ಕನೇ ಸಲ ಅವನು ಬಂದಾಗ ಅವಳು ಬಾನೆಟ್ ಎತ್ತಲೇ ಇಲ್ಲ.

"ನಿಜ ಹೇಳಿ. ಗಾಡಿ ಕೆಟ್ಟಿದೆಯಾ, ಇಲ್ಲಾ ನನ್ನ ಮರ್ಯಾದೆ ತೆಗೆಯೋಕೆ ಬರ್ತಿದ್ದೀರಾ?"

ಅವನ ಮುಖ ಬಿಳುಚಿತು. ಏನೋ ಹೇಳಲು ಬಾಯಿ ತೆರೆದ... ಮುಚ್ಚಿದ.

'ಅಂದ್ರೆ ಸುಳ್ಳೇ!' ರಾನ್ವಾ ಬಾಗಿಲತ್ತ ಕೈ ತೋರಿಸಿದಳು. "ಇನ್ನು ಈ ಕಡೆ ತಲೆ ಹಾಕ್ಬೇಡಿ!"

ಅವನು ತಲೆ ತಗ್ಗಿಸಿ ಹೊರಟುಹೋದ. ಆಮೇಲೆ ಬರಲಿಲ್ಲ. ವಾರ ಉರುಳಿತು. ಬಾಗಿಲಲ್ಲಿ ಯಾವ ಗಾಡಿ ನಿಂತರೂ ರಾನ್ವಾ ತಲೆಯೆತ್ತುತ್ತಿದ್ದಳು. ತನ್ನ ಮೇಲೆ ತನಗೇ ಸಿಟ್ಟು ಬರುತ್ತಿತ್ತು.

ಒಂದು ಮಧ್ಯಾಹ್ನ ಟುಮ್ಮಸ್ ಫೋನ್ ಹಿಡಿದು ಓಡಿ ಬಂದ. ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ.

"ಪುಟ್ಟೀ... ಗುಡ್ಡದ ಸುರಂಗದಲ್ಲಿ ಡಾಕ್ಟ್ರ ವ್ಯಾನು ನಿಂತುಹೋಗಿದೆಯಂತೆ! ಎದುರಿಂದ ಮೀನಿನ ಲಾರಿ..."

ಮುಂದಿನದು ಅವಳ ಕಿವಿಗೆ ಬೀಳಲಿಲ್ಲ.

ಒಂದೇ ಗಾಡಿ ಹಿಡಿಸುವ ಕತ್ತಲೆ ಸುರಂಗ ಅದು, ಆಚೆ ಕಡೆಗೆ ಏರುತ್ತ ಹೋಗುತ್ತದೆ. ಕೆಟ್ಟ ಗಾಡಿ ಎಳೆಯುವ ಟ್ರಕ್ಕನ್ನು ರಾನ್ವಾ ಹೇಗೆ ಓಡಿಸಿದಳೋ ಅವಳಿಗೇ ಗೊತ್ತಿಲ್ಲ. 'ದೇವರೇ, ಅವನಿಗೇನೂ ಆಗದಿರಲಿ... ನಾನೇ ಅಟ್ಟಿಬಿಟ್ಟೆ... ನಾನೇ!'

ಲಾರಿಯ ದೀಪದ ಬೆಳಕಿನಲ್ಲಿ ವ್ಯಾನ್ ಕಂಡಿತು. ಎರಡರ ಮೂತಿಗಳ ನಡುವೆ ಒಂದು ಗೇಣೂ ಜಾಗವಿರಲಿಲ್ಲ! ಲಾರಿ ಚಾಲಕ ಬಾಯಿಗೆ ಬಂದಂತೆ ಬೈಯುತ್ತಿದ್ದ. ಹಾನುಸ್ ಸುರಂಗದ ಬಂಡೆಗೋಡೆಗೆ ಒರಗಿ ನಿಂತಿದ್ದ. ಬದುಕಿದ್ದ!

ರಾನ್ವಾ ಟ್ರಕ್ಕನ್ನು ವ್ಯಾನಿನ ಹಿಂದೆ ತಂದು ನಿಲ್ಲಿಸಿದಳು. ಕೊಕ್ಕೆ ಸಿಕ್ಕಿಸಿ, ವ್ಯಾನನ್ನು ಹೊರಗೆಳೆದು ಸುರಂಗದ ಬಾಯಲ್ಲಿ ಪಕ್ಕಕ್ಕೆ ಬಿಟ್ಟಳು. ಲಾರಿ ದಾಟಿ ಹೋಯಿತು.

"ಆಚೆ ಹಳ್ಳೀಲಿ ಕುರಿ ನೋವು ತಿಂತಿದೆ, ಮರಿ ಅಡ್ಡ ಸಿಕ್ಕೊಂಡಿದೆ," ಎಂದ ಅವನು. ದನಿ ಒಡೆದಿತ್ತು. "ನಿಮ್ಮ ಟ್ರಕ್ಕಲ್ಲಿ ಬಿಡ್ತೀರಾ?"

"ಬಿಡ್ತೀನಿ. ಮೊದಲು ಒಂದು ಮಾತಿಗೆ ಉತ್ತರ ಕೊಡಿ. ಮಿಸ್ ಹೊಡೆದಾಗೆಲ್ಲ ಗಾಡಿ ಎಲ್ಲಿತ್ತು?"

"ಮೊದಲನೇ ಸಲ ಈ ಸುರಂಗದಲ್ಲೇ. ಮೂರನೇ ಸಲ ಚರ್ಚಿನ ದಿಬ್ಬ. ನಾಲ್ಕನೇದು ಮತ್ತೆ ಇಲ್ಲಿ."

"ಎರಡನೇದು ಬಂದರಿನ ರಸ್ತೆ, ಅಲ್ವಾ? ಅದೊಂದೇ ಲೆಕ್ಕಕ್ಕೆ ಸಿಗ್ತಿಲ್ಲ..."

ಹಾನುಸ್ ನೆಲ ನೋಡಿದ.

"ಎರಡನೇ ಸಲ... ಮಿಸ್ ಹೊಡೆದಿರಲಿಲ್ಲ."

"ಏನು?!"

"ಸುಮ್ನೆ ಬಂದಿದ್ದೆ. ನಿಮ್ಮನ್ನ ನೋಡ್ಬೇಕು ಅನ್ನಿಸ್ತು. ಏನು ಹೇಳ್ಬೇಕೋ ತಿಳೀಲಿಲ್ಲ, ಬಾಯಿಗೆ ಆ ಸುಳ್ಳು ಬಂತು. ಅವತ್ತು ನೀವು ಕೇಳಿದಾಗ ಪೂರ್ತಿ ನಿಜ ಅನ್ನೋಕೂ ಆಗ್ಲಿಲ್ಲ, ಸುಳ್ಳು ಅನ್ನೋಕೂ ಆಗ್ಲಿಲ್ಲ."

ರಾನ್ವಾ ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು.

"ಆ ಒಂದು ಸುಳ್ಳಿಗೆ ನಾನು ಕುರುಡಿ ಹಾಗೆ ಕಿಡಿ ಹುಡುಕ್ತಾ ಕೂತಿದ್ದೆ! ಏರಿನಲ್ಲಿ ಮಾತ್ರ ಅಂತ ಗೊತ್ತಿದ್ರೆ ಆವತ್ತೇ ಹಿಡೀತಿದ್ದೆ! ನೀನು ಸತ್ತಿದ್ರೆ? ಹೇಳು, ಸತ್ತುಹೋಗಿದ್ರೆ ನಾನೇನು ಮಾಡ್ಬೇಕಿತ್ತು?!"

ಮಾತು ಬಾಯಿಂದ ಜಾರಿಬಿಟ್ಟಿತ್ತು. 'ನೀವು' ಎನ್ನುವುದು ಯಾವಾಗ 'ನೀನು' ಆಯಿತೋ ಅವಳಿಗೆ ತಿಳಿಯಲೇ ಇಲ್ಲ.

ರಾನ್ವಾ ಕಣ್ಣೊರೆಸಿಕೊಂಡಳು. "ವ್ಯಾನ್ ಹತ್ತು, ಸ್ಟಾರ್ಟ್ ಮಾಡು. ಐದೇ ನಿಮಿಷ, ಸಿಗದಿದ್ರೆ ಟ್ರಕ್ಕಲ್ಲೇ ಬಿಡ್ತೀನಿ."

ಚಕ್ರಗಳಿಗೆ ಕಲ್ಲು ಕೊಟ್ಟು ಬಾನೆಟ್ ಎತ್ತಿದಳು. "ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳಿ. ಒಂದನೇ ಗೇರ್ ಹಾಕಿ, ಕ್ಲಚ್ ಚೂರೇ ಚೂರು ಬಿಡು. ಏರು ಹತ್ತೋವಾಗಿನ ಭಾರ ಇಂಜಿನ್ ಮೇಲೆ ಬೀಳ್ಲಿ."

"ಗಾಡಿ ಮುಂದಕ್ಕೆ ಹಾರಿದ್ರೆ? ನೀನು ಪಕ್ಕಕ್ಕೆ ಬಾ ಮೊದಲು!"

"ಪಕ್ಕದಲ್ಲೇ ಇದೀನಿ ಮಾರಾಯ! ಬಿಡು!"

ಇಂಜಿನ್ ಗುಡುಗುತ್ತ ಒಂದು ಬದಿಗೆ ವಾಲಿತು. ವಾಲಿದೊಡನೆ... ಡಬ್, ಡಬ್, ಡಬ್! ಗಾಡಿಯಿಡೀ ಕುಂಟತೊಡಗಿತು. ಮೊಟ್ಟಮೊದಲ ಬಾರಿಗೆ ಅವಳ ಕಣ್ಣೆದುರೇ!

"ಸಿಕ್ತು! ಕ್ಲಚ್ ಒತ್ತು, ನ್ಯೂಟ್ರಲ್ ಮಾಡು!"

ಮೂರನೇ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ವಯರು ಇಂಜಿನ್ ವಾಲಿದಾಗ ಬಿಗಿದು ನಿಂತಿತ್ತು. ಈಗ ಬೆರಳಲ್ಲಿ ಮೆಲ್ಲನೆ ಎಳೆದಳು, ಮಿಸ್ ಹೊಡೆಯಿತು. ಬಿಟ್ಟಳು, ಸರಿಹೋಯಿತು. ಹೊರಗಿನ ಸಿಪ್ಪೆ ಹೊಸದರಂತಿದ್ದರೂ ಒಳಗೆ ತಾಮ್ರ ತುಂಡಾಗಿತ್ತು. ಸುಮ್ಮನಿದ್ದಾಗ ತುದಿಗಳು ತಾಕಿಕೊಂಡಿರುತ್ತಿದ್ದವು, ಎಳೆತ ಬಿದ್ದಾಗ ಬಿಟ್ಟುಕೊಳ್ಳುತ್ತಿದ್ದವು.

ಇಂಜಿನ್ ಆರಿಸಿ, ತುಂಡಾದಲ್ಲಿ ಕತ್ತರಿಸಿ, ಹೊಸ ವಯರು ಸೇರಿಸಿ ಸ್ವಲ್ಪ ಸಡಿಲವಾಗಿ ಕಟ್ಟಿದಳು. ಅವನ ಪಕ್ಕದಲ್ಲೇ ಹತ್ತಿ ಕುಳಿತಳು.

"ನಡಿ."

ಸುರಂಗದ ಏರು ಶುರುವಾಯಿತು. ಇಂಜಿನ್ ಒಂದೇ ದನಿಯಲ್ಲಿ ಮೊರೆಯುತ್ತ ಹೋಯಿತು... ಬೆಳಕು ಕಂಡಿತು... ಒಂದು ಸಲವೂ ತಪ್ಪಲಿಲ್ಲ!

ಹಳ್ಳಿಯ ದೊಡ್ಡಿಯಲ್ಲಿ ಅವನು ಮಂಡಿಯೂರಿ ಕುಳಿತ. ಅವಳು ಕುರಿಯ ತಲೆ ಹಿಡಿದಳು. ಬಹಳ ಹೊತ್ತಿನ ಮೇಲೆ ಒದ್ದೆ ಮರಿಯೊಂದು ಸೀನಿತು. ಅವನ ಕಣ್ಣು ತುಂಬಿದ್ದನ್ನು ಅವಳು ನೋಡಿದಳು.

ಹೊರಗೆ ತೊರೆಯಲ್ಲಿ ಕೈ ತೊಳೆಯುವಾಗ ಅವನು ಮೆಲ್ಲನೆ ಕೇಳಿದ, "ರಾನ್ವಾ... ಕ್ಷಮಿಸ್ತೀಯಾ?"

"ಸುಳ್ಳಿಗೆ ಇನ್ನೂ ಸಿಟ್ಟಿದೆ," ಎಂದಳು ಅವಳು. "ನನ್ನ ನೋಡ್ಬೇಕು ಅನ್ನಿಸ್ತು ಅಂದ್ಯಲ್ಲ... ಅದಕ್ಕಿಲ್ಲ."

"ಗಾಡಿ ಸರಿ ಆಯ್ತು. ಇನ್ನು ಬರೋಕೆ ನೆಪಾನೇ ಇಲ್ವಲ್ಲ?"

ಅವಳು ಅವನ ತಣ್ಣನೆಯ ಬೆರಳುಗಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡಳು.

"ಭಾನುವಾರ ಊಟಕ್ಕೆ ಬಾ. ಗಾಡಿ ಮನೇಲಿ ಬಿಟ್ಟು, ಬಂದರಿನ ಉದ್ದಕ್ಕೂ ನಡ್ಕೊಂಡೇ ಬಾ."

"ಎಲ್ರೂ ನೋಡ್ತಾರಲ್ಲೇ!"

"ನೋಡ್ಲಿ," ಎಂದಳು ರಾನ್ವಾ. "ರಿಪೇರಿಗೆ ಬಂದ ಅಂತ ಯಾರೂ ಅಂದ್ಕೋಬಾರ್ದು."